ಪಾಲಾದ ಒಂದು ಪುಸ್ತಕ

ನಮ್ಮ ಮನೆತನದಲ್ಲಿ ಒಂದು ಮಾತು ಬಹುಕಾಲದಿಂದ ನಡೆದುಬಂದಿದೆ. ಮುತ್ತಜ್ಜನ ಕಾಲಕ್ಕೆ ಅಣ್ಣತಮ್ಮಂದಿರು ಬೇರೆಯಾದರಂತೆ. ಗದ್ದೆ, ತೋಟ, ದನಕರು, ತಾಮ್ರದ ಹಂಡೆ ಎಲ್ಲವೂ ಪಾಲಾದ ಮೇಲೆ ಕಡೆಗೆ ಉಳಿದದ್ದು ಕುಮಾರವ್ಯಾಸ ಭಾರತದ ಒಂದು ಓಲೆಯ ಕಟ್ಟು. ಅದು ತನಗೇ ಬೇಕೆಂದು ಮೂವರೂ ಹಟ ಹಿಡಿದರು. ಪಂಚಾಯ್ತಿಗೆ ಕುಳಿತ ಹಿರಿಯರು ಬೇರೆ ದಾರಿ ಕಾಣದೆ ದಾರವನ್ನು ಬಿಚ್ಚಿ, ಪರ್ವಗಳನ್ನು ಎಣಿಸಿ, ಮೂರು ಪಾಲು ಮಾಡಿ ಹಂಚಿಬಿಟ್ಟರು. ನಮ್ಮ ಪಾಲಿಗೆ ಬಂದವು ಆದಿ, ಸಭಾ, ಅರಣ್ಯ ಪರ್ವಗಳು. "ನಮ್ಮ ಮನೆಯಲ್ಲಿ ಪಾಂಡವರು ಕಾಡಿಗೆ ಹೋದವರು ಮರಳಿ ಬರಲೇ ಇಲ್ಲ ನೋಡಪ್ಪ" ಎಂದು ನಮ್ಮಜ್ಜ ಹೇಳಿ ನಗುತ್ತಿದ್ದರು.

ಆ ನಗೆಯ ಹಿಂದಿನ ಸಂಕಟ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪಾರಸಿಕರ ಒಂದು ಪುಸ್ತಕದ ಚರಿತ್ರೆಯನ್ನು ಓದುತ್ತಿದ್ದಾಗ. ಅದೂ ಒಂದು ಬಗೆಯ ಭಾರತವೇ. ಹೆಸರು 'ಷಾಹನಾಮೆ', ಅರಸರ ಪುಸ್ತಕ ಎಂದು ಅರ್ಥ. ತೂಸ್ ಎಂಬಲ್ಲಿನ ಕವಿ ಫಿರ್ದೌಸಿ ಮೂರು ದಶಕಗಳ ಕಾಲ ದುಡಿದು ಕ್ರಿ.ಶ. 1010ರಲ್ಲಿ ಅದನ್ನು ಮುಗಿಸಿದ. ಸುಮಾರು ಐವತ್ತು ಸಾವಿರ ದ್ವಿಪದಿಗಳು. ಫಿರ್ದೌಸಿ ನಮ್ಮ ರನ್ನನ ಸಮಕಾಲೀನನೆಂದರೆ ವಾಚಕರಿಗೆ ಕಾಲದ ಅಳತೆ ಸಿಕ್ಕೀತು. ಜಗತ್ತಿನ ಮೊದಲ ಅರಸನಿಂದ ಹಿಡಿದು ಏಳನೆಯ ಶತಮಾನದಲ್ಲಿ ಅರಬರು ಬಂದು ಇರಾನಿನ ಹಳೆಯ ಪ್ರಭುತ್ವ ಮುರಿದು ಬೀಳುವವರೆಗಿನ ಕಥೆಯೆಲ್ಲ ಅದರಲ್ಲಿ ಇದೆ. ಮಗನೆಂದು ತಿಳಿಯದೆ ಮಗನನ್ನೇ ಕೊಂದ ರುಸ್ತುಮನ ಪ್ರಸಂಗ ನಮ್ಮಲ್ಲೂ ನಾಟಕ ಸಿನಿಮಾಗಳಿಂದಾಗಿ ಪರಿಚಿತವೇ. ಹಿಂದೂ ದೇಶದಿಂದ ಚದುರಂಗದಾಟ ಇರಾನಿನ ಆಸ್ಥಾನಕ್ಕೆ ಬಂದದ್ದು, ಬರ್ಜೋಯ್ ಎಂಬ ವೈದ್ಯ ಸಂಜೀವಿನಿಯನ್ನು ಹುಡುಕಿಕೊಂಡು ನಮ್ಮ ನಾಡಿಗೆ ಬಂದು ಮೂಲಿಕೆಗೆ ಬದಲಾಗಿ ಪಂಚತಂತ್ರದ ಕಥೆಗಳನ್ನು ಒಯ್ದದ್ದು, ಇವೂ ಆ ಕಾವ್ಯದಲ್ಲಿ ಉಂಟು. ಅದೇ ಹನ್ನೊಂದನೆಯ ಶತಮಾನದಲ್ಲಿ ನಮ್ಮ ದುರ್ಗಸಿಂಹನೂ ಪಂಚತಂತ್ರವನ್ನು ಕನ್ನಡಕ್ಕೆ ತರುತ್ತಿದ್ದನೆಂಬುದನ್ನು ನೆನೆದರೆ, ಒಂದೇ ಬಾವಿಯ ನೀರನ್ನು ಇಬ್ಬರು ಎರಡು ದಡದಲ್ಲಿ ನಿಂತು ಸೇದಿದಂತೆ ತೋರುತ್ತದೆ.

ನಾನು ಹೇಳಹೊರಟದ್ದು ಕಾವ್ಯದ ಮಾತಲ್ಲ. ಅದರ ಒಂದು ಪ್ರತಿಯ ಮಾತು. ಷಾಹನಾಮೆಯ ಹಸ್ತಪ್ರತಿಗಳು ನೂರಾರು. ಅವುಗಳಲ್ಲಿ ಷಾ ತಹಮಾಸ್ಪನಿಗಾಗಿ ಹದಿನಾರನೆಯ ಶತಮಾನದಲ್ಲಿ ಸಿದ್ಧವಾದ ಪ್ರತಿಗೆ ಸಮನಾದುದು ಇನ್ನೊಂದಿಲ್ಲ. 759 ಹಾಳೆಗಳು, 258 ಚಿತ್ರಗಳು. ಒಂದೊಂದು ಹಾಳೆಯೂ ಹತ್ತಿರಹತ್ತಿರ ಒಂದೂವರೆ ಅಡಿ ಎತ್ತರ. ಇದನ್ನು ಮಾಡಲು ಇಪ್ಪತ್ತು ವರ್ಷಗಳಷ್ಟು ಹಿಡಿದಿರಬೇಕು. ಬಿಚ್ಚಿ ಹಂಚಲು ಒಬ್ಬ ಮನುಷ್ಯನ ಮನಸ್ಸು ಸಾಕಾಯಿತು.

ಪಾರಸಿಕರಲ್ಲಿ ಪುಸ್ತಕವೆಂದರೆ ಏನೆಂಬುದನ್ನು ಮೊದಲು ಸ್ವಲ್ಪ ನೋಡಬೇಕು. ನಾವು ಇಂದು ಆ ಹಾಳೆಗಳನ್ನು ನೋಡಿ ಚಿತ್ರಕ್ಕೆ ಮಾರುಹೋಗುತ್ತೇವೆ. ಅಂದಿನವರ ಕಣ್ಣಿಗೆ ಚಿತ್ರ ಎರಡನೆಯದು. ಮೊದಲ ಮರ್ಯಾದೆ ಅಕ್ಷರಕ್ಕೆ. ದೇವವಾಣಿಯನ್ನು ಹಿಡಿದಿಟ್ಟದ್ದು ಅಕ್ಷರವಾದ್ದರಿಂದ ಅದನ್ನು ಅಂದವಾಗಿ ಬರೆಯುವವನು ಪುಣ್ಯವಂತ. ಚಿತ್ರಕಾರನ ಮೇಲಾದರೆ ಸೃಷ್ಟಿಕರ್ತನೊಡನೆ ಪೈಪೋಟಿಗೆ ಹೊರಟನೆಂಬ ಅನುಮಾನ ಎಂದೂ ತಪ್ಪಲಿಲ್ಲ. ಹೀಗಾಗಿ ಹಳೆಯ ಬರಹಗಳಲ್ಲಿ ಲಿಪಿಕಾರರ ವಂಶಾವಳಿ ಗುರುಪರಂಪರೆಗಳು ನಮ್ಮ ಮಠಗಳ ಗುರುಪರಂಪರೆಯಂತೆ ವಿಸ್ತಾರವಾಗಿ ಬರುತ್ತವೆ. ಚಿತ್ರಕಾರರ ಹೆಸರುಗಳು ಅವುಗಳ ಹಿಂದೆ ಬಾಲದಂತೆ ಬರುತ್ತವೆ.

ಆ ಪರಂಪರೆಯ ಕಥೆಗಳಾದರೂ ಎಂಥವು! ಬಾಗದಾದಿನ ಇಬ್ನ್ ಮುಕ್ಲಾ ಎಂಬಾತ ಮೂವರು ಖಲೀಫರಿಗೆ ಮಂತ್ರಿಯಾಗಿದ್ದವನು. ಲೇಖನಿಯ ಮೊನೆಯನ್ನು ಒತ್ತಿದಾಗ ಮೂಡುವ ಓರೆಯಾದ ಚುಕ್ಕೆಯನ್ನೇ ಅಳತೆಯಾಗಿಟ್ಟುಕೊಂಡು, ಯಾವ ಅಕ್ಷರ ಎಷ್ಟು ಚುಕ್ಕೆಯ ಎತ್ತರ, ಎಷ್ಟು ಚುಕ್ಕೆಯ ಅಗಲ ಎಂದು ಮೊದಲಿಗೆ ಗೊತ್ತುಮಾಡಿದವನು ಅವನೆಂದು ಹೇಳುತ್ತಾರೆ. ರಾಜಕಾರಣದ ಜಗಳದಲ್ಲಿ ಸಿಕ್ಕಿ ಅವನ ಬಲಗೈಯನ್ನೇ ಕಡಿದರು. ಮೊಂಡುಗೈಗೆ ಲೇಖನಿ ಕಟ್ಟಿಕೊಂಡು ಬರೆದನಂತೆ. ಕ್ರಿ.ಶ. 940ರಲ್ಲಿ ಸೆರೆಮನೆಯಲ್ಲಿ ಸತ್ತ. 1258ರಲ್ಲಿ ಮಂಗೋಲರು ಬಾಗದಾದಿಗೆ ಬೆಂಕಿಯಿಟ್ಟಾಗ ಯಾಕೂತ್ ಎಂಬ ಲಿಪಿಕಾರ ಒಂದು ಮಿನಾರನ್ನು ಹತ್ತಿ ಕುಳಿತು, ಕಾಗದವಿಲ್ಲದೆ ಒಂದು ಬಟ್ಟೆಯ ತುಂಡಿನ ಮೇಲೆ ಅಕ್ಷರ ತಿದ್ದುತ್ತಿದ್ದನೆಂಬ ಕಥೆಯಿದೆ. ಕೆಳಗೆ ಊರು ಉರಿಯುತ್ತಿದೆ, ಮೇಲೆ ಇವನು ಅಲಿಫ್ ಬರೆಯುತ್ತಿದ್ದಾನೆ! ಇದನ್ನು ತಪಸ್ಸು ಎನ್ನಬೇಕೋ ಹೃದಯಹೀನತೆ ಎನ್ನಬೇಕೋ, ನನಗೆ ಇಂದಿಗೂ ನಿರ್ಣಯವಾಗಿಲ್ಲ.

ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇರಾನಿನಲ್ಲಿ ಒಂದು ಹೊಸ ಬರವಣಿಗೆ ಹುಟ್ಟಿತು. ಅದು ನಸ್ತಾಲೀಕ್. ಅರಬ್ಬಿಯ ನೇರ, ಗಂಭೀರ ಅಕ್ಷರಗಳು ಇಲ್ಲಿ ಬಲದಿಂದ ಎಡಕ್ಕೆ ಇಳಿಜಾರಾಗಿ ಜಾರುತ್ತ, ಒಮ್ಮೆ ಕೂದಲೆಳೆಯಂತೆ ಸಣ್ಣದಾಗಿ, ಒಮ್ಮೆ ದೋಣಿಯ ಹೊಟ್ಟೆಯಂತೆ ತುಂಬಿಕೊಂಡು ಸಾಗುತ್ತವೆ. ತಬ್ರೀಜಿನ ಮೀರ್ ಅಲಿ ಇದನ್ನು ಕಂಡುಹಿಡಿದನೆಂದು ಪ್ರತೀತಿ. ಅವನ ಕನಸಿನಲ್ಲಿ ಹಾರುವ ಹಕ್ಕಿಗಳು ಕಂಡವು, ಆ ರೆಕ್ಕೆಗಳ ಬಾಗನ್ನೇ ಅವನು ಅಕ್ಷರಕ್ಕೆ ಇಳಿಸಿದ ಎಂಬುದು ದಂತಕಥೆ. ದಂತಕಥೆಯಾದರೂ ನಸ್ತಾಲೀಕಿನ ಒಂದು ಸಾಲನ್ನು ಕಣ್ಣಾರೆ ಕಂಡವರು ಇದನ್ನು ಸುಳ್ಳೆಂದು ತಳ್ಳಿಹಾಕಲಾರರು. ಪಾರಸಿ ಓದಲು ಬಾರದ ನನ್ನಂಥವನಿಗೂ ಅಲ್ಲೊಂದು ಹಾರಾಟ ಕಾಣುತ್ತದೆ.

ಇಂಥ ಬರಹಕ್ಕೆ ಬೇಕಾದ ಸಿದ್ಧತೆ ಸಾಮಾನ್ಯವಲ್ಲ. ಕಾಗದಕ್ಕೆ ಮೊದಲು ಗಂಜಿ ಬಳಿದು ಒಣಗಿಸಬೇಕು. ಆಮೇಲೆ ನಯವಾದ ಹಲಗೆಯ ಮೇಲೆ ಹರಡಿ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಗಾಜಿನಂತೆ ಹೊಳೆಯಿಸಬೇಕು. ಇಲ್ಲವಾದರೆ ಲೇಖನಿ ತಡವರಿಸುತ್ತದೆ. ಗೆರೆ ಹೊಡೆಯಲು ಸೀಸದ ಕಡ್ಡಿಯಿಲ್ಲ. ರಟ್ಟಿನ ಮೇಲೆ ಸಮದೂರದಲ್ಲಿ ದಾರಗಳನ್ನು ಬಿಗಿದು, ಅದರ ಮೇಲೆ ಹಾಳೆಯನ್ನಿಟ್ಟು ಒತ್ತಿದರೆ ದಾರದ ಗುರುತು ಮೂಡುತ್ತದೆ. ಬರೆದು ಮುಗಿಸಿ ಮತ್ತೆ ಉಜ್ಜಿದರೆ ಗುರುತು ಮಾಯ. ಮಸಿ ದೀಪದ ಕಾಡಿಗೆ, ಜಾಲಿಯ ಗೋಂದು. ಲೇಖನಿ ಜೊಂಡಿನದು. ಅದರ ಮೊನೆಯನ್ನು ದಂತದ ಅಥವಾ ಮೂಳೆಯ ಪುಟ್ಟ ಹಲಗೆಯ ಮೇಲಿಟ್ಟು ಒಂದೇ ಏಟಿಗೆ ಓರೆಯಾಗಿ ಕತ್ತರಿಸಬೇಕು. ಅಕ್ಷರದ ಹಣೆಬರಹವೆಲ್ಲ ಆ ಒಂದು ಏಟಿನಲ್ಲಿದೆ. ನಮ್ಮ ಓಲೆಗರಿಯ ಲಿಪಿಕಾರ ಕಂಠದಿಂದ ಗರಿಯನ್ನು ಕೊರೆದು ಮಸಿ ಹಚ್ಚುವವನು. ಅವನ ಕೈ ಎಲೆಯ ನಾರಿನೊಡನೆ ಗುದ್ದಾಡಬೇಕಾಗಿತ್ತು. ನಮ್ಮ ಅಕ್ಷರ ದುಂಡಾದುದಕ್ಕೆ ಆ ನಾರೂ ಒಂದು ಕಾರಣವೆನ್ನುತ್ತಾರೆ. ನಮ್ಮಲ್ಲಿಯೂ ಓಲೆಗೆ ಚಿತ್ರ ಬರೆಸಿದವರು ಇದ್ದರು. ಮೂಡಬಿದಿರೆಯ ಧವಳಾ ಗ್ರಂಥಗಳ ಬಣ್ಣ ಇನ್ನೂ ಮಾಸಿಲ್ಲ.

ಲಿಪಿಕಾರ ಚಿತ್ರಕ್ಕೆ ಎಡೆ ಬಿಟ್ಟು ಪದ್ಯವನ್ನು ಬರೆದುಕೊಂಡು ಹೋಗುತ್ತಾನೆ. ಆಮೇಲೆ ಹಾಳೆ ಚಿತ್ರಕಾರನಿಗೆ. ಬದಕ್ಷಾನಿನಿಂದ ತಂದ ಲಾಜವರ್ದದ ನೀಲಿ, ಹರಿದಳದ ಹಳದಿ, ಇಂಗಳೀಕದ ಕೆಂಪು, ತಾಮ್ರದ ಕಿಲುಬಿನ ಹಸಿರು. ತೆಳುವಾದ ಚಿನ್ನದ ರೇಕನ್ನು ಅಂಟಿನೊಡನೆ ಬೆರಳಿನಲ್ಲಿ ಅರೆದು ಮಾಡಿದ ಹೊಂಬಣ್ಣ. ನೀರನ್ನು ತೋರಿಸಲು ಬೆಳ್ಳಿ. ಈ ಬೆಳ್ಳಿಯೊಂದೇ ಅವರಿಗೆ ಕೈಕೊಟ್ಟದ್ದು. ಅಂದು ಫಳಫಳಿಸುತ್ತಿದ್ದ ತೊರೆಗಳೆಲ್ಲ ಇಂದು ಕಪ್ಪಾಗಿವೆ. ತಿಳಿಯದವರು ಪಾರಸಿಕರು ನೀರಿಗೆ ಕಪ್ಪು ಬಳಿಯುತ್ತಿದ್ದರೆಂದುಕೊಳ್ಳುತ್ತಾರೆ. ಚಿತ್ರವಾದ ಮೇಲೆ ಅಂಚಿನ ಗೆರೆಯವನು, ಹೂಬಳ್ಳಿಯ ಅಲಂಕಾರದವನು, ಅಂಚಿಗೆ ಚಿನ್ನದ ಪುಡಿ ಚಿಮುಕಿಸುವವನು, ಕಡೆಗೆ ಹೊಲಿಗೆಯವನು, ಚರ್ಮದ ರಟ್ಟಿನವನು.

ಇವರೆಲ್ಲ ಒಂದೆಡೆ ಕುಳಿತು ಕೆಲಸ ಮಾಡುವ ಜಾಗಕ್ಕೆ 'ಕಿತಾಬಖಾನೆ' ಎಂದು ಹೆಸರು. ಹೆಸರಿಗೆ ಪುಸ್ತಕಭಂಡಾರ, ನಡೆಯುವುದು ಕಾರ್ಖಾನೆ. ಹೆರಾತಿನಲ್ಲಿ ತೈಮೂರನ ಮೊಮ್ಮಗ ಬೈಸಂಘರನ ಕಿತಾಬಖಾನೆಯ ಮೇಲ್ವಿಚಾರಕನಾಗಿದ್ದ ಲಿಪಿಕಾರ ಜಾಫರ್ 1420ರ ದಶಕದ ಕೊನೆಯಲ್ಲಿ ತನ್ನ ದೊರೆಗೆ ಒಪ್ಪಿಸಿದ ಒಂದು ವರದಿ ಇಂದಿಗೂ ಉಳಿದಿದೆ. ಯಾವ ಚಿತ್ರಕಾರ ಯಾವ ಪುಟದ ಸಮುದ್ರಕ್ಕೆ ಅಲೆ ಬರೆದು ಮುಗಿಸಿದ್ದಾನೆ, ಯಾರು ಯಾವ ಹಾಳೆಯನ್ನು ಎಷ್ಟು ಮುಂದುವರಿಸಿದ್ದಾರೆ ಎಂದು ಒಂದೊಂದಾಗಿ ಬರೆದಿದ್ದಾನೆ. ಒಬ್ಬನಿಗೆ ಕೆಲವು ದಿನ ಕಣ್ಣುನೋವಾಗಿತ್ತೆಂಬುದನ್ನೂ ಬಿಟ್ಟಿಲ್ಲ. ಸುಲ್ತಾನರ, ಯುದ್ಧಗಳ, ಗೆಲುವು ಸೋಲುಗಳ ನಡುವೆ ಆರುನೂರು ವರ್ಷ ಹಿಂದಿನ ಒಬ್ಬ ಕೆಲಸಗಾರನ ಕಣ್ಣುನೋವು ನಮ್ಮವರೆಗೆ ಬಂದು ತಲುಪಿದೆ. ನನಗಂತೂ ಆ ವರದಿಯ ಬೇರೆಲ್ಲ ಸಂಗತಿಗಳಿಗಿಂತ ಇದೇ ಹೆಚ್ಚು ನಿಜವೆನಿಸಿತು.

ಇನ್ನು ನಮ್ಮ ಪುಸ್ತಕಕ್ಕೆ ಬರೋಣ. 1501ರಲ್ಲಿ ಸಫಾವಿ ವಂಶವನ್ನು ಸ್ಥಾಪಿಸಿದ ಷಾ ಇಸ್ಮಾಯಿಲ್ ತಬ್ರೀಜನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ತಹಮಾಸ್ಪ್ 1514ರಲ್ಲಿ ಹುಟ್ಟಿದವನು. ಹಸುಳೆಯಾಗಿದ್ದಾಗಲೇ ಅವನನ್ನು ಹೆಸರಿಗೆ ಅಧಿಪತಿಯನ್ನಾಗಿ ಮಾಡಿ ಹೆರಾತಿಗೆ ಕಳಿಸಿದರು. ಹೆರಾತೆಂದರೆ ಚಿತ್ರಕಾರರಲ್ಲಿ ಅಗ್ರಗಣ್ಯನಾದ ಬಿಹಜಾದನ ಊರು, ಸುಲ್ತಾನ್ ಅಲಿಯಂಥ ಲಿಪಿಕಾರನನ್ನು ಕಂಡ ಊರು. ಹುಡುಗ ಎಂಟು ವರ್ಷದವನಾಗಿ ತಬ್ರೀಜಿಗೆ ಮರಳಿದಾಗ ಆ ರುಚಿಯನ್ನೂ ಜೊತೆಗೆ ತಂದ. ಬಿಹಜಾದನೂ ತಬ್ರೀಜಿಗೆ ಬಂದು 1522ರಲ್ಲಿ ಅರಮನೆಯ ಕಿತಾಬಖಾನೆಗೆ ಹಿರಿಯನಾದ. ಬಿಹಜಾದನ ಬಗ್ಗೆ ಒಂದು ಕಥೆ ಹೇಳುತ್ತಾರೆ: 1514ರಲ್ಲಿ ಚಾಲ್ದಿರಾನಿನಲ್ಲಿ ತುರ್ಕರೊಡನೆ ಯುದ್ಧವಾದಾಗ, ಷಾ ಇಸ್ಮಾಯಿಲ್ ಅವನನ್ನೂ ಒಬ್ಬ ಲಿಪಿಕಾರನನ್ನೂ ಗುಹೆಯೊಂದರಲ್ಲಿ ಬಚ್ಚಿಟ್ಟಿದ್ದನಂತೆ. ಸೋತು ಮರಳಿದಾಗ ಮೊದಲು ಕೇಳಿದ್ದು ಅವರ ಕ್ಷೇಮವನ್ನಂತೆ. ಕಾಲದ ಲೆಕ್ಕ ನೋಡಿದರೆ ಇದು ನಡೆದಿರಲಾರದು. ಆದರೆ ಒಂದು ಜನಾಂಗ ಎಂಥ ಸುಳ್ಳುಗಳನ್ನು ಪ್ರೀತಿಯಿಂದ ಕಟ್ಟಿ ಕಾಪಾಡುತ್ತದೆಂಬುದೂ ಚರಿತ್ರೆಯ ಸಂಗತಿಯೇ.

1524ರಲ್ಲಿ ತಂದೆ ತೀರಿಕೊಂಡಾಗ ತಹಮಾಸ್ಪ್ ಹತ್ತು ವರ್ಷದ ಬಾಲಕ. ರಾಜ್ಯಭಾರವನ್ನು ಸರದಾರರು ಕಿತ್ತಾಡಿಕೊಂಡು ನಡೆಸುತ್ತಿದ್ದರು. ಹುಡುಗನಿಗೆ ಉಳಿದದ್ದು ಕಿತಾಬಖಾನೆ. ಅವನು ಸ್ವತಃ ಕುಂಚ ಹಿಡಿದು ಸುಲ್ತಾನ್ ಮುಹಮ್ಮದನೆಂಬ ಹಿರಿಯ ಚಿತ್ರಕಾರನಲ್ಲಿ ಕಲಿತ. 1520ರ ದಶಕದಲ್ಲಿ ಆರಂಭವಾದ ಷಾಹನಾಮೆಯ ಕೆಲಸ 1530ರ ದಶಕವನ್ನೂ ಹಿಡಿಯಿತು. ಸುಲ್ತಾನ್ ಮುಹಮ್ಮದ್, ಮೀರ್ ಮುಸವ್ವಿರ್, ಆಕಾ ಮೀರಕ್ ಇವರು ಹಿರಿಯರು. ಅವರ ಕೈಕೆಳಗೆ ಕಿರಿಯರು. ಸುಲ್ತಾನ್ ಮುಹಮ್ಮದನ ಮಗ ಮೀರ್ಜಾ ಅಲಿ, ಮೀರ್ ಮುಸವ್ವಿರನ ಮಗ ಮೀರ್ ಸಯ್ಯದ್ ಅಲಿ ಇಬ್ಬರೂ ತಂದೆಯರ ಪಕ್ಕದಲ್ಲೇ ಕುಳಿತು ಬೆಳೆದವರು. ಅಷ್ಟು ಚಿತ್ರಗಳಲ್ಲಿ ಬರೆದವರ ಸಹಿ ಕಾಣುವುದು ಒಂದೆರಡರಲ್ಲಿ ಮಾತ್ರ. ಪದ್ಯವನ್ನೆಲ್ಲ ಬರೆದ ಲಿಪಿಕಾರನಂತೂ ತನ್ನ ಹೆಸರನ್ನು ಹೇಳಿಕೊಂಡಿಲ್ಲ.

ಆ ಪುಸ್ತಕದ ಮುಕುಟವೆಂದರೆ ಸುಲ್ತಾನ್ ಮುಹಮ್ಮದ್ ಬರೆದ 'ಗಯೂಮರ್ಸನ ಒಡ್ಡೋಲಗ'. ಗಯೂಮರ್ಸ್ ಜಗತ್ತಿನ ಮೊದಲ ಅರಸ. ಆಗಿನ್ನೂ ಮನೆಯಿಲ್ಲ, ನೆಯ್ಗೆಯಿಲ್ಲ. ಅರಸನೂ ಪ್ರಜೆಗಳೂ ಚಿರತೆಯ ತೊಗಲುಟ್ಟವರು. ಬೆಟ್ಟದ ನೆತ್ತಿಯಲ್ಲಿ ಅರಸ ಕುಳಿತಿದ್ದಾನೆ. ಒಂದು ಕಡೆ ಮಗ ಸಿಯಾಮಕ್, ಇನ್ನೊಂದು ಕಡೆ ಮೊಮ್ಮಗ ಹೂಷಂಗ್. ಕೆಳಗೆ ಜನ ಬಳಸಿ ನಿಂತಿದ್ದಾರೆ, ಅವರ ಕಾಲಬಳಿ ಮೃಗಗಳು ಪಳಗಿ ಮಲಗಿವೆ. ನೇರಿಳೆ, ನೀಲಿ, ಪಾಚಿ, ಗುಲಾಬಿ ಬಣ್ಣದ ಬಂಡೆಗಳು ಕಲ್ಲಾಗಿರದೆ ಮೋಡದಂತೆ ಉಕ್ಕುತ್ತಿವೆ. ದಿಟ್ಟಿಸಿ ನೋಡಿದರೆ ಆ ಬಂಡೆಗಳ ಒಳಗೆ ಮುಖಗಳು, ಮನುಷ್ಯರವು, ಮೃಗಗಳವು. ಒಂದನ್ನು ಕಂಡುಕೊಳ್ಳುವುದರೊಳಗೆ ಇನ್ನೊಂದು ಕಣ್ಣು ಮಿಟುಕಿಸುತ್ತದೆ. ಸುಖದ ನಡುವೆಯೂ ಅರಸನ ಮುಖದಲ್ಲಿ ಒಂದು ಚಿಂತೆ. ಕಥೆ ಬಲ್ಲವನಿಗೆ ಕಾರಣ ಗೊತ್ತು: ಪಕ್ಕದಲ್ಲಿರುವ ಮಗನನ್ನು ಕೆಲವೇ ಪದ್ಯಗಳ ಮುಂದೆ ಕರಿಯ ದೈತ್ಯ ಕೊಲ್ಲಲಿದ್ದಾನೆ. ಆ ಕಾಲದವನೇ ಆದ ದೋಸ್ತ್ ಮುಹಮ್ಮದ್ 1544ರಲ್ಲಿ ಒಂದು ಚಿತ್ರಸಂಪುಟಕ್ಕೆ ಬರೆದ ಪೀಠಿಕೆಯಲ್ಲಿ ಚಿರತೆದೊಗಲಿನವರ ಈ ಚಿತ್ರವನ್ನು ಹೆಸರಿಸಿ, ಇದನ್ನು ಕಂಡು ಗಟ್ಟಿಗರಾದ ಚಿತ್ರಕಾರರೂ ತಲೆ ತಗ್ಗಿಸಿದರೆಂದು ಹೊಗಳಿದ್ದಾನೆ. ಸಮಕಾಲೀನನ ಹೊಗಳಿಕೆ ಅಪರೂಪ. ಹೊಗಳಿದ ದೋಸ್ತ್ ಮುಹಮ್ಮದನೂ ಅದೇ ಪುಸ್ತಕಕ್ಕೆ ಚಿತ್ರ ಬರೆದವನೆಂಬುದು ಇನ್ನೂ ಅಪರೂಪ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಮರೆಯಾಗಬಾರದೆಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ತಹಮಾಸ್ಪನ ಪುಸ್ತಕ ಒಂದೇ ಪ್ರತಿ. ಒಬ್ಬನ ಕಣ್ಣಿಗಾಗಿ, ಅವನು ಕರೆದು ತೋರಿಸಿದ ಕೆಲವರ ಕಣ್ಣಿಗಾಗಿ. ಕಾವ್ಯಕ್ಕೆ ಯಾವುದು ಹಿತವೆಂದರೆ ನಾನು ಅತ್ತಿಮಬ್ಬೆಯ ಕಡೆಗೇ. ಒಂದೇ ಪ್ರತಿಯ ಹಣೆಬರಹ ಆ ಒಬ್ಬನ ಮನಸ್ಸನ್ನೇ ನೆಚ್ಚಿಕೊಂಡಿರುತ್ತದೆ.

ಆ ಮನಸ್ಸು ಬದಲಾಯಿತು. ವಯಸ್ಸಾದಂತೆ ತಹಮಾಸ್ಪನಿಗೆ ಪಾಪಭೀತಿ ಹೆಚ್ಚಿತು. ಹೆಂಡ ಬಿಟ್ಟ, ಸಂಗೀತ ಬಿಟ್ಟ, 1556ರಲ್ಲಿ ರಾಜ್ಯಕ್ಕೆಲ್ಲ ಪಶ್ಚಾತ್ತಾಪದ ಆಜ್ಞೆ ಹೊರಡಿಸಿದ. ಚಿತ್ರಗಳಲ್ಲಿದ್ದ ಆಸಕ್ತಿಯೂ ಇಂಗಿತು. ಕಿತಾಬಖಾನೆಯವರು ಬೇರೆ ಬೇರೆ ಒಡೆಯರನ್ನು ಹುಡುಕಿಕೊಂಡು ಚೆದರಿದರು. ರಾಜ್ಯ ಕಳೆದುಕೊಂಡು 1544ರಲ್ಲಿ ಇರಾನಿಗೆ ಆಶ್ರಯ ಬೇಡಿ ಹೋಗಿದ್ದ ನಮ್ಮ ಹುಮಾಯೂನ್ ಆ ಕುಶಲಿಗಳನ್ನು ಕಂಡು ಬಂದಿದ್ದ. ಅವನ ಕರೆಗೆ ಓಗೊಟ್ಟು ಮೀರ್ ಸಯ್ಯದ್ ಅಲಿ, ಅಬ್ದುಸ್ಸಮದ್ ಇಬ್ಬರೂ 1549ರಲ್ಲಿ ಕಾಬೂಲಿಗೆ ಬಂದು ಸೇರಿದರು. ಮುಂದೆ ಅಕ್ಬರನ ಆಸ್ಥಾನದಲ್ಲಿ ಸಾವಿರದ ನಾನೂರು ಚಿತ್ರಗಳ ಹಮ್ಜಾನಾಮೆಯ ಕೆಲಸ ನಡೆದದ್ದು ಇವರ ಮೇಲ್ವಿಚಾರಣೆಯಲ್ಲಿ. ಮೊಗಲ್ ಚಿತ್ರಕಲೆಯೆಂದು ನಾವು ಹೆಮ್ಮೆಪಡುವುದರ ಬೇರಿನಲ್ಲಿ ಒಬ್ಬ ಷಾನ ಪಾಪಭೀತಿಯೂ ಸೇರಿದೆ.

ನಮ್ಮ ನಾಡಿಗೂ ಆ ಗಾಳಿ ಬೀಸದೆ ಇರಲಿಲ್ಲ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸದ ಮುಂಗಟ್ಟಿನಲ್ಲಿ ಬಣ್ಣದ ಹೆಂಚಿನ ಅಕ್ಷರಗಳು ಅರ್ಧಂಬರ್ಧ ಉಳಿದಿವೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಷಾ ತಾನು ರಚಿಸಿದ 'ಕಿತಾಬೆ ನೌರಸ್' ಎಂಬ ಹಾಡುಗಬ್ಬವನ್ನು ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರನ ಕೈಯಲ್ಲಿ ಬರೆಸಿದ. ಬರಹವನ್ನು ಕಂಡು ಹಿಗ್ಗಿ 'ಲೇಖನಿಯ ಚಕ್ರವರ್ತಿ' ಎಂಬ ಬಿರುದು ಕೊಟ್ಟು, ತನ್ನ ಸಿಂಹಾಸನದ ಮೇಲೆಯೇ ಅವನನ್ನು ಕೂರಿಸಿದನೆಂದು ಹೇಳುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1615ರಲ್ಲಿ, ಇಸ್ಫಹಾನಿನ ಬೀದಿಯಲ್ಲಿ ನಸ್ತಾಲೀಕಿನ ಮಹಾಗುರು ಮೀರ್ ಇಮಾದ್ ಕೊಲೆಯಾಗಿ ಬಿದ್ದ. ದೊರೆಯ ಅವಕೃಪೆಯೇ ಅದಕ್ಕೆ ಕಾರಣವೆಂದು ಜನ ಆಡಿಕೊಂಡರು. ಲಿಪಿಕಾರನಿಗೆ ಆ ವರ್ಷಗಳಲ್ಲಿ ಬಿಜಾಪುರ ಇಸ್ಫಹಾನಿಗಿಂತ ಮೇಲಾಗಿತ್ತೆನ್ನಬೇಕು. ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಕಲ್ಲನ್ನೇ ಕಾಗದ ಮಾಡಿಕೊಂಡು ಕೊರೆದ ಅಕ್ಷರಗಳನ್ನು ನೋಡಿದವರಿಗೆ ಈ ಮಾತು ಅತಿಯೆನಿಸದು.

ಹೀಗೆ ಕುಶಲಿಗಳು ಹೊರಟುಹೋದ ಮೇಲೆ ಪುಸ್ತಕದ ಸರದಿ ಬಂತು. ಇಸ್ತಾಂಬುಲಿನಲ್ಲಿ ಸುಲೇಮಾನ್ ಸತ್ತು 1566ರಲ್ಲಿ ಎರಡನೆಯ ಸೆಲೀಮ್ ಪಟ್ಟಕ್ಕೆ ಬಂದ. ತುರ್ಕರೊಡನೆ 1555ರಲ್ಲಿ ಆಗಿದ್ದ ಶಾಂತಿಯನ್ನು ಉಳಿಸಿಕೊಳ್ಳುವುದು ತಹಮಾಸ್ಪನಿಗೆ ಅಗತ್ಯವಾಗಿತ್ತು. ಒಂಟೆಗಳ ಮೇಲೆ ಕಾಣಿಕೆ ಹೇರಿಕೊಂಡು ದೊಡ್ಡ ರಾಯಭಾರವೊಂದು ಹೊರಟು 1568ರ ಫೆಬ್ರವರಿಯಲ್ಲಿ ಎದಿರ್ನೆ ನಗರದಲ್ಲಿ ಸುಲ್ತಾನನನ್ನು ಕಂಡಿತು. ಆ ಕಾಣಿಕೆಗಳಲ್ಲಿ ಒಂದು ಖುರಾನ್ ಪ್ರತಿ, ಜೊತೆಗೆ ಈ ಷಾಹನಾಮೆ. ಹುಡುಗನಾಗಿದ್ದಾಗ ಪಕ್ಕದಲ್ಲಿ ಕುಳಿತು ಬಣ್ಣ ಅರೆಯುವುದನ್ನು ನೋಡಿದ್ದ ಪುಸ್ತಕವನ್ನು ಐವತ್ತನಾಲ್ಕರ ವಯಸ್ಸಿನಲ್ಲಿ ವೈರಿಯ ಮನೆಗೆ ಕಳಿಸಿಕೊಡುವಾಗ ತಹಮಾಸ್ಪನ ಮನಸ್ಸು ಹೇಗಿತ್ತೋ! ಬಹುಶಃ ಹಗುರವಾಗಿಯೇ ಇತ್ತು.

ತುರ್ಕರು ಅದನ್ನು ಚೆನ್ನಾಗಿಯೇ ನೋಡಿಕೊಂಡರು. ಇನ್ನೂರು ಮುನ್ನೂರು ವರ್ಷ ಅದು ಟೋಪ್‌ಕಾಪಿ ಅರಮನೆಯ ಭಂಡಾರದಲ್ಲಿ ತಣ್ಣಗೆ ಮಲಗಿತ್ತು. 1800ರ ಸುಮಾರಿಗೆ ಮಹಮದ್ ಆರಿಫ್ ಎಂಬ ಅರಮನೆಯ ಅಧಿಕಾರಿ ಒಂದೊಂದು ಚಿತ್ರದ ಎದುರಿಗೂ ಒಂದು ರಕ್ಷಾಪತ್ರ ಸೇರಿಸಿ, ಚಿತ್ರದ ಕಥೆಯನ್ನು ತುರ್ಕಿಯಲ್ಲಿ ಬರೆದಿಟ್ಟ. ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದನೆಂದು ಖಚಿತವಾಗಿ ಹೇಳಬಹುದಾದವರಲ್ಲಿ ಇವನೊಬ್ಬ. ಅಧ್ಯಾಪಕನಾದ ನನಗೆ ಈ ಆರಿಫನ ಮೇಲೆ ವಿಶೇಷ ಪ್ರೀತಿ.

1903ರ ಹೊತ್ತಿಗೆ ಪುಸ್ತಕ ಪ್ಯಾರಿಸ್ಸಿನಲ್ಲಿತ್ತು. ಬ್ಯಾರನ್ ಎಡ್ಮಂಡ್ ದ ರಾಥ್ಸ್‌ಚೈಲ್ಡನ ಸ್ವತ್ತಾಗಿ ಅಲ್ಲಿನ ಒಂದು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 1959ರಲ್ಲಿ ಆ ಮನೆತನದಿಂದ ಅದನ್ನು ಕೊಂಡವನು ಅಮೆರಿಕದ ಆರ್ಥರ್ ಹೌಟನ್. ಗಾಜಿನ ಉದ್ಯಮದ ಶ್ರೀಮಂತ. ಸಾಮಾನ್ಯ ಸಾಹುಕಾರನಲ್ಲ, ಪುಸ್ತಕಪ್ರೇಮಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಪೂರ್ವ ಗ್ರಂಥಗಳ ಭಂಡಾರಕ್ಕೆ ಅವನದೇ ಹೆಸರಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಆಡಳಿತ ಮಂಡಳಿಯ ಅಧ್ಯಕ್ಷನೂ ಆಗಿದ್ದವನು. ಇಂಥವನ ಕೈಗೆ ಬಂತಲ್ಲ, ಇನ್ನು ಭಯವಿಲ್ಲ ಎಂದು ಯಾರಾದರೂ ನೆಮ್ಮದಿಯಿಂದ ಇರಬಹುದಾಗಿತ್ತು. ವಿದ್ವಾಂಸರು ಅಭ್ಯಾಸ ಮಾಡಿ ಇಡೀ ಗ್ರಂಥದ ಪ್ರತಿರೂಪವನ್ನು ಅಚ್ಚು ಮಾಡಬೇಕೆಂಬ ಸಂಕಲ್ಪವೂ ನಡೆಯಿತು. ಅಚ್ಚಿನ ಆ ಎರಡು ಸಂಪುಟಗಳು 1981ರಲ್ಲಿ ಹೊರಬರುವ ಹೊತ್ತಿಗೆ ಮೂಲ ಪುಸ್ತಕವೇ ಇರಲಿಲ್ಲ.

ದಾರ ಬಿಚ್ಚಿದ್ದು ಹೌಟನನೇ. 1970ರಲ್ಲಿ 78 ಚಿತ್ರಗಳನ್ನು ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ದಾನ ಕೊಟ್ಟ. ಉಳಿದದ್ದನ್ನು ಇರಾನಿನ ಷಾಗೆ ಮಾರುವ ಮಾತುಕತೆ ನಡೆದು ಮುರಿದುಬಿತ್ತು. 1976ರ ನವೆಂಬರಿನಲ್ಲಿ ಏಳು ಹಾಳೆಗಳು ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಬಿಕರಿಯಾದವು. ಮುಂದೆ ಒಂದೊಂದಾಗಿ, ಎರಡೆರಡಾಗಿ ಇನ್ನಷ್ಟು. ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪೇನೂ ಇಲ್ಲ. ತನ್ನ ವಸ್ತು, ತಾನು ಮಾರಿದ. ಬಿಡಿಹಾಳೆಗಳಾದ್ದರಿಂದಲೇ ಹತ್ತಾರು ಊರಿನ ಜನ ಇಂದು ಅವನ್ನು ನೋಡುವಂತಾಯಿತಲ್ಲ, ಮುಚ್ಚಿದ ಪುಸ್ತಕವಾಗಿದ್ದರೆ ಗಾಜಿನ ಪೆಟ್ಟಿಗೆಯಲ್ಲಿ ಒಮ್ಮೆಗೆ ಎರಡು ಪುಟ ತಾನೆ ಕಾಣುತ್ತಿದ್ದದ್ದು, ಎಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ನಾನು ತಳ್ಳಿಹಾಕಲಾರೆ, ಒಪ್ಪಲೂ ಆರೆ. ನಮ್ಮ ಪಂಚಾಯ್ತಿಯ ಹಿರಿಯರೂ ಮೂರು ಮನೆಯಲ್ಲಿ ಭಾರತ ಓದುವಂತಾಯಿತು ಎಂದೇ ಸಮಾಧಾನ ಹೇಳಿದ್ದರಂತೆ. ಮೂರು ಮನೆಯಲ್ಲೂ ಯಾರೂ ಓದಲಿಲ್ಲ.

1990ರಲ್ಲಿ ಹೌಟನ್ ತೀರಿಕೊಂಡ. ಉಳಿದಿದ್ದದ್ದು 118 ಚಿತ್ರಗಳು, ಬರಹ ಮಾತ್ರವಿದ್ದ ಐನೂರು ಹಾಳೆಗಳು, ಖಾಲಿಯಾದ ರಟ್ಟು. ಅತ್ತ ಟೆಹರಾನಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲ್ಲೆಂ ದ ಕೂನಿಂಗ್ ಎಂಬ ಅಮೆರಿಕದ ಚಿತ್ರಕಾರ 1953ರಲ್ಲಿ ಬರೆದ 'ಹೆಂಗಸು: ಮೂರು' ಎಂಬ ಚಿತ್ರವಿತ್ತು. 1979ರ ಕ್ರಾಂತಿಗೆ ಮೊದಲು ಕೊಂಡದ್ದು. ಕ್ರಾಂತಿಯ ನಂತರ ಆ ಬೆತ್ತಲೆ ಹೆಂಗಸನ್ನು ಗೋಡೆಗೆ ತೂಗುಹಾಕುವಂತಿರಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆದು, 1994ರ ಜುಲೈ ತಿಂಗಳಲ್ಲಿ ಆಸ್ಟ್ರಿಯದ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಎರಡು ಕಡೆಯವರೂ ಬಂದು ಸೇರಿದರು. ಅವರ ಹೆಂಗಸು ಅತ್ತ, ಇವರ ಅರಸರು ಇತ್ತ. ಇರಾನಿನಿಂದ ಒಂಟೆಯ ಮೇಲೆ ಹೊರಟ ಪುಸ್ತಕ ನಾನೂರ ಇಪ್ಪತ್ತಾರು ವರ್ಷಗಳ ಮೇಲೆ ಅರ್ಧ ಮೈಯಾಗಿ ವಿಮಾನದಲ್ಲಿ ಮನೆಗೆ ಮರಳಿತು.

ಆ ಹೆಂಗಸಿನ ಚಿತ್ರ 2006ರಲ್ಲಿ 13 ಕೋಟಿ 75 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಇರಾನ್ ಮೋಸಹೋಯಿತೆಂದು ಪತ್ರಿಕೆಗಳು ಲೆಕ್ಕ ಹಾಕಿದವು. ಐದು ವರ್ಷ ಕಳೆದು, 2011ರ ಏಪ್ರಿಲಿನಲ್ಲಿ ಷಾಹನಾಮೆಯ ಒಂದೇ ಒಂದು ಹಾಳೆ, ಫರೀದೂನ್ ಅರಸ ಘಟಸರ್ಪದ ವೇಷದಲ್ಲಿ ತನ್ನ ಮಕ್ಕಳನ್ನು ಪರೀಕ್ಷಿಸುವ ಚಿತ್ರ, ಲಂಡನ್ನಿನ ಹರಾಜಿನಲ್ಲಿ 74 ಲಕ್ಷ ಪೌಂಡಿಗೆ ಹೋಯಿತು. 2022ರಲ್ಲಿ ಇನ್ನೊಂದು ಹಾಳೆ 80 ಲಕ್ಷವನ್ನು ದಾಟಿತು. ಟೆಹರಾನಿಗೆ ಬಂದ 118ನ್ನು ಈ ಬೆಲೆಯಿಂದ ಗುಣಿಸಿ ನೋಡಿದರೆ ಮೋಸ ಯಾರಿಗಾಯಿತೆಂಬುದು ತಲೆಕೆಳಗಾಗುತ್ತದೆ. ಆದರೆ ಇದು ಸಂತೆಯ ಲೆಕ್ಕ. ಮೂರು ಮಕ್ಕಳಿಗೆ ರಾಜ್ಯವನ್ನು ಪಾಲುಮಾಡಿಕೊಟ್ಟು, ಪಾಲಿನ ದೆಸೆಯಿಂದಲೇ ಕಿರಿಯ ಮಗನನ್ನು ಅಣ್ಣಂದಿರ ಕೈಯಿಂದ ಕಳೆದುಕೊಂಡ ದೊರೆ ಈ ಫರೀದೂನ್. ಅವನ ಚಿತ್ರವೇ ಪಾಲಿಗೆ ಬಿದ್ದು ಅಷ್ಟು ಬೆಲೆ ಬಾಳಿತು.

ಗಯೂಮರ್ಸನ ಒಡ್ಡೋಲಗ ಈಗ ಕೆನಡಾ ದೇಶದ ಟೊರಾಂಟೊ ನಗರದ ಆಗಾಖಾನ್ ವಸ್ತುಸಂಗ್ರಹಾಲಯದಲ್ಲಿದೆ. ಚದುರಂಗದ ಒಗಟನ್ನು ಇರಾನಿನ ಮಂತ್ರಿ ಬಿಡಿಸುವ ಪುಟ ನ್ಯೂಯಾರ್ಕಿನಲ್ಲಿ. ಉಳಿದ ಅರಸರು ಯಾವ ಯಾವ ಊರುಗಳಲ್ಲೋ. ಈ ಹಾಳೆಗಳನ್ನು ಚೌಕಟ್ಟಿಗೆ ಹಾಕಿ ತೂಗುಬಿಡುವಾಗ ಚಿತ್ರವಿರುವ ಮಗ್ಗುಲನ್ನು ನೋಡುವವರ ಕಡೆಗೆ ತಿರುಗಿಸುತ್ತಾರೆ. ಹಿಂದಿನ ಮಗ್ಗುಲಲ್ಲಿ ಆ ಹೆಸರಿಲ್ಲದ ಲಿಪಿಕಾರ ನಾಲ್ಕು ಕಂಬಸಾಲುಗಳಲ್ಲಿ ಬರೆದ ಪದ್ಯಗಳು ಗೋಡೆಗೆ ಮುಖಮಾಡಿ ನಿಂತಿವೆ.